ಮದುವೆಗೆ ಡ್ರೋನ್ ಬೇಕಾ? ಮೊದಲು ಇಷ್ಟು ಕೇಳಿ!

ಮಗಳ ಮದುವೆ, ಮಗನ ಉಪನಯನ, ಹೊಸ ಮನೆ ಗೃಹಪ್ರವೇಶ... ಸಮಾರಂಭ ಯಾವುದೇ ಇರಲಿ, ವಿಡಿಯೊದವರು ಮೊದಲು ಹೇಳೋದು 'ಮೇಡಂ, ಡ್ರೋನ್ ಹಾಕಿಸಿ, ಸೂಪರಾಗಿ ಬರುತ್ತೆ' ಅಂತ. ದಿಬ್ಬಣ ಮೇಲಿನಿಂದ ಕಾಣುವ ಚೆಂದವೇ ಬೇರೆ, ನಿಜ. ಆದರೆ ಅಡುಗೆಯವರಿಗೆ ಹತ್ತು ಪ್ರಶ್ನೆ ಕೇಳುವ ನಾವು, ನೆಂಟರ ತಲೆ ಮೇಲೆ ಹಾರುವ ಯಂತ್ರದ ಬಗ್ಗೆ ಒಂದನ್ನೂ ಕೇಳೋದಿಲ್ಲ! 2021ರ ಡ್ರೋನ್ ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೂ ದಂಡ ಬೀಳಬಹುದು. ಅಡ್ವಾನ್ಸ್ ಕೊಡುವ ಮುನ್ನ ಇಷ್ಟು ವಿಚಾರಿಸಿ.

* ನಂಬರ್ ಇದೆಯಾ?: ಕಾರಿಗೆ ನಂಬರ್ ಇರುವಂತೆ ಡ್ರೋನ್‌ಗೂ 'ಯುಐಎನ್' ಎಂಬ ನೋಂದಣಿ ಸಂಖ್ಯೆ ಇರುತ್ತದೆ. 250 ಗ್ರಾಂ ಮೀರಿದ ಡ್ರೋನ್‌ಗೆ ಇದು ಬೇಕೇ ಬೇಕು.

* ಹಾರಿಸುವವರು ಯಾರು?: ಎರಡು ಕೆ.ಜಿ. ಒಳಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ನಿಮ್ಮಿಂದ ದುಡ್ಡು ಪಡೆದು 250 ಗ್ರಾಂಗಿಂತ ಭಾರದ್ದನ್ನು ಹಾರಿಸುವವರಿಗೆ ಅದು ಕಡ್ಡಾಯ. ಹದಿನೆಂಟು ತುಂಬದ ಹುಡುಗನಿಗೆ ಈ ಸರ್ಟಿಫಿಕೇಟ್ ಸಿಗುವುದೇ ಇಲ್ಲ.

* ಛತ್ರ ಎಲ್ಲಿದೆ?: 'ಡಿಜಿಟಲ್ ಸ್ಕೈ' ನಕ್ಷೆಯಲ್ಲಿ ಹಸಿರು ಬಣ್ಣವಿದ್ದರೆ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿ ಮಾತ್ರ. ಹಳದಿಯಿದ್ದರೆ ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ, ಕೆಂಪಾದರೆ ಕೇಂದ್ರ ಸರ್ಕಾರದ್ದೇ ಅನುಮತಿ ಬೇಕು. ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಯಲಹಂಕದ ಸುತ್ತಮುತ್ತ ಛತ್ರ ಹಿಡಿದವರು ನಕ್ಷೆ ನೋಡದೆ ಹೂಂ ಅನ್ನಬೇಡಿ.

* ವಿಮೆ ಇದೆಯಾ?: ರೆಕ್ಕೆ ತಾಗಿ ಯಾರಿಗಾದರೂ ಪೆಟ್ಟಾದರೆ? 250 ಗ್ರಾಂ ಮೀರಿದ ಡ್ರೋನ್‌ಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಊಟದ ಪಂಕ್ತಿ, ಮಕ್ಕಳು ಆಡುವ ಜಾಗದ ಮೇಲೆ ಹಾರಿಸಬೇಡಿ ಅಂತ ಮೊದಲೇ ಹೇಳಿಬಿಡಿ.

ಅಮೆರಿಕದಿಂದ ಬರುವ ತಮ್ಮನಿಗೆ 'ಮಗನಿಗೊಂದು ಡ್ರೋನ್ ತಾರೋ' ಅನ್ನುವ ಆಸೆಯೇ? ಬೇಡ. ವಿದೇಶದಿಂದ ಡ್ರೋನ್ ತರುವುದಕ್ಕೆ 2022ರ ಫೆಬ್ರುವರಿಯಲ್ಲೇ ನಿಷೇಧ ಬಿದ್ದಿದೆ. ಸಂಶೋಧನೆ, ರಕ್ಷಣೆಯಂಥ ಕೆಲಸಕ್ಕಷ್ಟೇ ವಿನಾಯಿತಿ. ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್‌ನವರ ಪಾಲಾದೀತು!

ಇನ್ನು, ಪಕ್ಕದ ಮನೆಯವರ ಡ್ರೋನ್ ನಿಮ್ಮ ಬಚ್ಚಲು, ಮಲಗುವ ಕೋಣೆಯ ಕಿಟಕಿ ಹತ್ತಿರ ಸುಳಿದರೆ ಸಂಕೋಚಪಟ್ಟು ಸುಮ್ಮನಿರಬೇಡಿ. ಹೆಣ್ಣುಮಕ್ಕಳು ಖಾಸಗಿಯಾಗಿರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲವೇ ಒಂದರಿಂದ ಮೂರು ವರ್ಷ ಜೈಲು, ದಂಡ. ದಿನಾಂಕ, ವೇಳೆ ಬರೆದಿಟ್ಟುಕೊಳ್ಳಿ, ಆದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ, 112ಕ್ಕೆ ಫೋನ್ ಮಾಡಿ. ಕಲ್ಲು ಹೊಡೆದು ಬೀಳಿಸಲು ಹೋಗಬೇಡಿ, ಅದು ಯಾರ ತಲೆ ಮೇಲೆ ಬೀಳುತ್ತದೋ!

ಒಟ್ಟಿನಲ್ಲಿ, ಯುಐಎನ್, ಪೈಲಟ್ ಸರ್ಟಿಫಿಕೇಟ್, ವಿಮೆ ಮೂರರ ಪ್ರತಿಯನ್ನೂ ವಾಟ್ಸ್‌ಆ್ಯಪ್‌ಗೆ ತರಿಸಿಕೊಂಡೇ ಅಡ್ವಾನ್ಸ್ ಕೊಡಿ. 'ಅದೆಲ್ಲಾ ಯಾರೂ ಕೇಳಲ್ಲ ಮೇಡಂ' ಅಂದರೆ ನೆಲದ ಮೇಲಿನ ಕ್ಯಾಮೆರಾನೇ ಸಾಕು ಅನ್ನಿ. ಆಲ್ಬಂನಲ್ಲಿ ಒಂದು ಫೋಟೊ ಕಡಿಮೆಯಾದರೂ ಪರವಾಗಿಲ್ಲ, ಬಂದ ನೆಂಟರು ಕ್ಷೇಮವಾಗಿ ಮನೆ ಸೇರಲಿ.