ಕೂಗಿಗೆ ಬಂದ ನರಿಯೇ ಕುರಿ ಕದ್ದದ್ದೆ?

ಸಿಕ್ಕಿಬಿದ್ದ ಮೊಲದ ಚೀರಾಟವನ್ನು ಬಾಯಲ್ಲೋ ಪೀಪಿಯಲ್ಲೋ ಧ್ವನಿವರ್ಧಕದಲ್ಲೋ ನುಡಿಸಿದರೆ ಸುತ್ತಲಿನ ಹಸಿದ ನರಿ ಪುಕ್ಕಟೆ ಊಟವೆಂದು ಓಡಿ ಬರುತ್ತದೆ. ಊಳಿಟ್ಟು ಕರೆದರೆ ತನ್ನ ಸೀಮೆಗೆ ಬೇರೊಬ್ಬ ನುಗ್ಗಿದನೆಂದು ಸಿಟ್ಟಿನಿಂದ ಬರುತ್ತದೆ. ಅಮೆರಿಕದಲ್ಲಿ ಕಯೋಟಿ ಎಂಬ ಪ್ರಾಣಿಯನ್ನು ಹೊಡೆಯುವುದು ಹೆಚ್ಚಾಗಿ ಹೀಗೆಯೇ. ಕಯೋಟಿ ನಮ್ಮ ಗುಳ್ಳೆನರಿಯ ಸೋದರಸಂಬಂಧಿ, ಗಾತ್ರದಲ್ಲಿ ತುಸು ದೊಡ್ಡದು. ಬೇಟೆಗಾರ ಗಾಳಿಗೆ ಮುಖಮಾಡಿ ಪೊದೆಯ ಮರೆಯಲ್ಲಿ ಕೂರುತ್ತಾನೆ. ಒಂದು ಜಾಗದಲ್ಲಿ ಹದಿನೈದಿಪ್ಪತ್ತು ನಿಮಿಷ ಕರೆದು, ಏನೂ ಬರದಿದ್ದರೆ ಮುಂದಕ್ಕೆ ಹೋಗುತ್ತಾನೆ. ಬರುವ ಪ್ರಾಣಿಯೂ ದಡ್ಡನಲ್ಲ: ಸುತ್ತು ಹಾಕಿ, ವಾಸನೆ ಹಿಡಿಯಬಲ್ಲ ದಿಕ್ಕಿನಿಂದಲೇ ಬರಲು ನೋಡುತ್ತದೆ. ಕೂಗಿ ಕರೆಯುವ ಬೇಟೆ ನಮ್ಮ ಸೀಮೆಗೂ ಹೊಸದಲ್ಲ. ಉತ್ತರ ಕರ್ನಾಟಕ ಮತ್ತು ಮರಾಠವಾಡದ ಹರಣಶಿಕಾರಿಗಳು, ಅಂದರೆ ಪಾರ್ಧಿಗಳು, ಸಾಕಿದ ಕವುಜುಗ ಹಕ್ಕಿಯನ್ನು ಕೂಗಿಸಿ ಕಾಡಿನ ಹಕ್ಕಿಯನ್ನು ಬಲೆಗೆ ಬೀಳಿಸುತ್ತಿದ್ದರು. ಆ ಸಮುದಾಯವನ್ನು ಬ್ರಿಟಿಷರು 1871ರಲ್ಲಿ ಆರಂಭಿಸಿದ ಕಾಯ್ದೆ ಹುಟ್ಟು ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಆ ಕಾಯ್ದೆ ಹೋದದ್ದು 1952ರಲ್ಲಿ. ಅಪರೂಪದ ಪ್ರಾಣಿಜ್ಞಾನ ಉಳ್ಳವರಿಗೆ ಕಳ್ಳರೆಂಬ ಹೆಸರು ಸಿಕ್ಕಿತು, ಇರಲಿ.

ಪ್ರಶ್ನೆ ಇದು: ಬೀದರ, ಭಾಲ್ಕಿ, ಔರಾದ ಸುತ್ತ ಕುರಿ ಕಳೆದುಕೊಂಡವರು ನರಿ, ತೋಳಗಳನ್ನು ಹೀಗೆ ಕರೆದು ಹೊಡೆದರೆ ಪ್ರಯೋಜನವುಂಟೆ? ಕಾನೂನಿನ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಮಿಷ ಒಡ್ಡುವುದೂ ಬೇಟೆಯೇ, ಬೇಟೆಗೆ ಯತ್ನಿಸುವುದೂ ಬೇಟೆಯೇ. ತೋಳ ಮೊದಲ ಅನುಸೂಚಿಯಲ್ಲಿ ಇತ್ತು. 2022ರ ತಿದ್ದುಪಡಿಯಲ್ಲಿ ನರಿಯೂ ಅಲ್ಲಿಗೇ ಬಂತು. ಶಿಕ್ಷೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆಮನೆ. ಆದರೆ ಕಾನೂನಿನ ಭಯವೊಂದೇ ಕಾರಣವಾದರೆ ಸಾಕ್ಷಿ ಇಲ್ಲದ ಹೊಲದಲ್ಲಿ ಅದು ನಿಲ್ಲುವುದಿಲ್ಲ. ಕರೆದು ಕೊಲ್ಲುವುದು ತನ್ನ ಉದ್ದೇಶವನ್ನೇ ಈಡೇರಿಸುವುದಿಲ್ಲ ಎಂಬುದು ಹೆಚ್ಚು ಗಟ್ಟಿಯಾದ ಕಾರಣ.

ಕಯೋಟಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅಮೆರಿಕದ ಸರ್ಕಾರ 1931ರಲ್ಲಿ ಕಾಯ್ದೆ ಮಾಡಿ, ವಿಷ, ಬೋನು, ವಿಮಾನದಿಂದ ಗುಂಡು ಎಲ್ಲವನ್ನೂ ಅದರ ಮೇಲೆ ಪ್ರಯೋಗಿಸಿತು. ಇಂದಿಗೂ ಅಲ್ಲಿನ ಒಂದು ಸರ್ಕಾರಿ ಸಂಸ್ಥೆಯೇ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು ಕಯೋಟಿಗಳನ್ನು ಕೊಲ್ಲುತ್ತದೆ. ಹವ್ಯಾಸಿಗಳ ಲೆಕ್ಕ ಬೇರೆ. ಇಷ್ಟಾದರೂ ಪಶ್ಚಿಮದ ಬಯಲಿನಲ್ಲಿದ್ದ ಆ ಪ್ರಾಣಿ ಇಪ್ಪತ್ತನೆಯ ಶತಮಾನದಲ್ಲಿ ಅಟ್ಲಾಂಟಿಕ್ ತೀರದವರೆಗೂ ಹಬ್ಬಿತು. ಅದೇ ನೆಲದ ತೋಳ ಮಾತ್ರ ಬಹುಭಾಗ ಅಳಿಸಿಹೋಯಿತು. ಕಯೋಟಿ ಏನನ್ನಾದರೂ ತಿನ್ನುತ್ತದೆ, ಬೇಗ ಮರಿ ಹಾಕುತ್ತದೆ, ತೆರವಾದ ಸೀಮೆಗೆ ಪಕ್ಕದ್ದು ನುಗ್ಗುತ್ತದೆ. ತೋಳಕ್ಕೆ ದೊಡ್ಡ ಸೀಮೆ ಬೇಕು, ಸಂಸಾರ ಬೇಕು. ಅದನ್ನು ಒಡೆದರೆ ಚೇತರಿಸಿಕೊಳ್ಳಲು ಕಾಲ ಹಿಡಿಯುತ್ತದೆ. ನಮ್ಮಲ್ಲಿ ಗುಳ್ಳೆನರಿ ಕಯೋಟಿಯ ಜಾಡಿನದು. ತೋಳದ ಕಥೆ ಗೊತ್ತೇ ಇದೆ: 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟಿಷ್ ಆಡಳಿತ ಬಹುಮಾನ ಕೊಟ್ಟು ಎರಡು ಲಕ್ಷ ತೋಳಗಳನ್ನು ಕೊಲ್ಲಿಸಿತೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜಿಸಿದ್ದಾರೆ. ಇಂದು ಇಡೀ ದೇಶದಲ್ಲಿ ಉಳಿದಿರುವುದು ಮೂರು ಸಾವಿರದ ಸುತ್ತಮುತ್ತ. ಹಾಗಾಗಿ ಕೋವಿ ಎತ್ತಿದರೆ ನರಿ ಕಡಿಮೆಯಾಗದು, ತೋಳ ಉಳಿಯದು. ಎರಡೂ ಕುರುಬನಿಗೆ ಬೇಕಾದ ಫಲವಲ್ಲ.

ಇನ್ನೂ ಒಂದು ತೊಡಕಿದೆ. ಕೂಗಿಗೆ ಓಗೊಡುವುದು ಹಸಿದದ್ದು, ಅನುಭವ ಸಾಲದ ಎಳೆಯದು, ಇಲ್ಲವೆ ಸೀಮೆಯ ಯಜಮಾನ. ಮೊನ್ನೆ ರಾತ್ರಿ ಹಟ್ಟಿಗೆ ನುಗ್ಗಿದ್ದು ಅದೇ ಎಂದು ಹೇಳುವವರಾರು? ಒಮ್ಮೆ ಗುಂಡಿನ ಸದ್ದು ಕೇಳಿ ಪಾರಾದದ್ದು ಮತ್ತೆ ಆ ಕೂಗಿಗೆ ಬರುವುದಿಲ್ಲ. ಅಮೆರಿಕದ ಬೇಟೆಗಾರರೇ ಅಂಥವನ್ನು ಪಾಠ ಕಲಿತ ಕಯೋಟಿ ಎನ್ನುತ್ತಾರೆ. ಜಾಣ ಬದುಕುತ್ತದೆ, ಮುಗ್ಧ ಸಾಯುತ್ತದೆ. ಕುರಿ ಕೊಂದದ್ದು ತೋಳವೇ ಎಂಬುದೂ ಎಷ್ಟೋ ಸಲ ಊಹೆ ಮಾತ್ರ, ಏಕೆಂದರೆ ಊರಂಚಿನ ಬೀದಿನಾಯಿಗಳ ಹಿಂಡು ಅದೇ ಕೆಲಸ ಮಾಡುತ್ತದೆ. ಪುಣೆ ಸುತ್ತಲಿನ ಹುಲ್ಲುಗಾವಲಿನಲ್ಲಿ ತೋಳ ಮತ್ತು ನಾಯಿ ಬೆರೆತ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಿಂದಲೇ ಖಚಿತವಾಗಿದೆ. ಸತ್ತ ಕುರಿಯ ಗಾಯ ನೋಡಿ ಅಪರಾಧಿಯನ್ನು ಹೆಸರಿಸುವುದು ಅಷ್ಟು ಸುಲಭವಲ್ಲ.

ಕುರುಬನ ನಷ್ಟ ಕಟ್ಟುಕಥೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಮಾಂಜ್ರಾ ದಂಡೆಯಿಂದ ಔರಾದದ ಕರಿನೆಲದವರೆಗೆ ಕುರಿ, ಮೇಕೆ ಸಾಕಿ ಬದುಕುವವನಿಗೆ ಒಂದು ರಾತ್ರಿಯಲ್ಲಿ ನಾಲ್ಕು ಮರಿ ಹೋದರೆ ಆ ವರ್ಷದ ಲೆಕ್ಕವೇ ತಪ್ಪುತ್ತದೆ. ಕಾಡುಪ್ರಾಣಿ ಕೊಂದ ಜಾನುವಾರಿಗೆ ಪರಿಹಾರದ ವ್ಯವಸ್ಥೆ ಇದೆ. ಆದರೆ ಊರೂರು ತಿರುಗುವ ಕುರಿಗಾಹಿ ಪಶುವೈದ್ಯರನ್ನು ಕರೆಸಿ, ಕಾಗದ ಹೊಂದಿಸಿ, ಅರಣ್ಯ ಕಚೇರಿಗೆ ಅಲೆಯುವಷ್ಟರಲ್ಲಿ ಹಿಂಡು ಮುಂದಿನ ತಾಲ್ಲೂಕಿಗೆ ಹೋಗಿರುತ್ತದೆ. ನನ್ನ ವಾದ ನಿಲ್ಲಬೇಕಾದರೆ ಈ ಪರಿಹಾರ ಹೊಲದಲ್ಲೇ, ಬೇಗ ಸಿಗಬೇಕು. ರಾತ್ರಿ ಬಲೆಯ ಬೇಲಿ, ಒಳ್ಳೆಯ ಕಾವಲು ನಾಯಿ, ಎಚ್ಚರವಿರುವ ಮನುಷ್ಯ ಇವು ಹಳೆಯ ಉಪಾಯಗಳಾದರೂ ಕೋವಿಗಿಂತ ಮೇಲು. ಹುಚ್ಚುನಾಯಿ ರೋಗದ ಭಯ ತೋರಿಸುವವರಿಗೂ ಉತ್ತರ ಇಷ್ಟೇ: ಆ ರೋಗ ಮನುಷ್ಯರಿಗೆ ಹರಡುವುದು ಬಹುಪಾಲು ನಾಯಿಗಳಿಂದ, ಅವಕ್ಕೆ ಲಸಿಕೆ ಹಾಕಿಸುವುದೇ ದಾರಿ. ಹೊಲದಲ್ಲಿ ಇಲಿ ಹಿಡಿಯುವ ನರಿಯನ್ನೂ, ಜಿಂಕೆ ಮರಿ ಹಿಡಿಯುವ ತೋಳವನ್ನೂ ಕೊಂದುಹಾಕಿ, ಆಮೇಲೆ ಕೃಷ್ಣಮೃಗ ತೊಗರಿ ಮೇಯಿತೆಂದು ದೂರುವುದು ಯಾವ ಲೆಕ್ಕ?

ಹಾಗೆಂದು ಕೂಗುವ ವಿದ್ಯೆಯೇ ವ್ಯರ್ಥವೆಂದಲ್ಲ. 1960ರ ದಶಕದಲ್ಲಿ ಕೆನಡಾದ ಆಲ್ಗೊನ್ಕ್ವಿನ್ ಉದ್ಯಾನದಲ್ಲಿ ಡಗ್ಲಸ್ ಪಿಮ್ಲಾಟ್ ಮನುಷ್ಯರ ಬಾಯಿಂದ ಊಳಿಡಿಸಿ, ತೋಳಗಳ ಉತ್ತರ ಕೇಳಿ ಅವುಗಳ ನೆಲೆ ಪತ್ತೆ ಮಾಡಿದರು. ನಮ್ಮ ದೇಶದಲ್ಲೇ ಸೌಗತ ಸಾಧುಖಾನ್, ಬಿಲಾಲ್ ಹಬೀಬ್ ಮತ್ತು ಸಂಗಡಿಗರು ಮಹಾರಾಷ್ಟ್ರದ ತೋಳಗಳ ಊಳನ್ನು ಧ್ವನಿಮುದ್ರಿಸಿ, ಒಂದೊಂದು ತೋಳವನ್ನೂ ದನಿಯಿಂದ ಗುರುತಿಸುವ ಸಾಧ್ಯತೆಯನ್ನು 2021ರಲ್ಲಿ ಪ್ರಕಟಿಸಿದ್ದಾರೆ. ಗಡಿಯಾಚೆ ಆದದ್ದು ಈಚೆ ಏಕಾಗಬಾರದು? ಎಚ್ಚರಿಕೆಯೂ ಬೇಕು: ಚಳಿಗಾಲ ತೋಳ ಮರಿ ಸಾಕುವ ಕಾಲ, ಆಗ ಗವಿಯ ಹತ್ತಿರ ಕೂಗಿದರೆ ತಾಯಿ ಜಾಗ ಬದಲಿಸೀತು. ಫೋಟೊ ಹುಚ್ಚಿನಲ್ಲಿ ಮೊಬೈಲಿನಿಂದ ಊಳು ನುಡಿಸುವವರಿಗೆ ಅನುಮತಿ ಕೊಡಲೇಬಾರದು.

ತೋಳಕ್ಕೆ ನೆಲ ಬಿಟ್ಟುಕೊಡುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ: ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ನೆಲ ತೋಳಧಾಮವಾಗಿದೆ. ಅಂಥ ಗಮನ ನಮ್ಮ ಬಯಲಿಗೂ ಸಿಗಬೇಕು; 2023ರಲ್ಲಿ ರಾಜ್ಯದ ಅರಣ್ಯ ಖಾತೆ ವಹಿಸಿಕೊಂಡ ಈಶ್ವರ ಖಂಡ್ರೆ ಭಾಲ್ಕಿಯಿಂದಲೇ ಗೆದ್ದವರು. ಬೀದರ, ಭಾಲ್ಕಿ, ಔರಾದದ ಬಯಲಿನಲ್ಲಿ ಎಷ್ಟು ತೋಳ, ಎಷ್ಟು ನರಿ ಇವೆಯೆಂದು ಅರಣ್ಯ ಇಲಾಖೆ ಊಳಿನ ಸಮೀಕ್ಷೆಯಿಂದ ಮೊದಲು ಎಣಿಸಲಿ. ಆ ಕೆಲಸಕ್ಕೆ ಕುರಿಗಾಹಿಗಳನ್ನೂ ಹರಣಶಿಕಾರಿ ಹಿರಿಯರನ್ನೂ ಕೂಲಿ ಕೊಟ್ಟು ಕರೆಯಲಿ.