ಕಾಲು ತೆಗೆಸಿದ ನಾಯಿಯ ಆರೈಕೆ

ನಮ್ಮ ಕಡೆಯ ತೋಟದ ಮನೆಗಳಲ್ಲಿ ನಾಯಿ ಇಲ್ಲದ ಮನೆ ಅಪರೂಪ. ಕಣದಲ್ಲಿ ಹರಡಿದ ಕಾಫಿಗೆ, ಅಂಗಳದಲ್ಲಿ ಒಣಗುವ ಅಡಿಕೆಗೆ ಅದೇ ಕಾವಲು. ಮಂಗನ ಹಿಂಡು ಬಂದರೆ ಮೊದಲು ಕೂಗುವುದು ಅದೇ. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ, ಕೆಚ್ಚಲು ಬಾವು ಬಂದರೆ ಏನು ಮಾಡಬೇಕೆಂಬುದು ನಮ್ಮ ಸದಸ್ಯ ಬಂಧುಗಳಲ್ಲಿ ಬಹುತೇಕರಿಗೆ ಗೊತ್ತು. ಆದರೆ ನಾಯಿಯ ಕಾಲು ಉರುಳಿಗೆ ಸಿಕ್ಕಿ ಕೊಳೆತಾಗ, ಜೀಪಿನ ಗಾಲಿಗೆ ಸಿಕ್ಕಿ ಪುಡಿಯಾದಾಗ, ಇಲ್ಲವೆ ಮೂಳೆಯಲ್ಲಿ ಗಡ್ಡೆ ಬೆಳೆದಾಗ, 'ಕಾಲು ತೆಗೆಯಬೇಕು' ಎಂದು ಪಶುವೈದ್ಯರು ಹೇಳಿದರೆ ನಮಗೆ ದಿಕ್ಕೇ ತೋಚುವುದಿಲ್ಲ. ಅಂಥ ಸಂದರ್ಭ ನಮ್ಮ ಮನೆಗೇ ಒದಗಿತು. ಅದರಿಂದ ನಾವು ಕಲಿತದ್ದನ್ನೂ ಪಶುವೈದ್ಯರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇವೆ.

ತಡ ಮಾಡಿದ್ದು ನಮ್ಮ ತಪ್ಪು

ನಮ್ಮ ನಾಯಿಯ ಹೆಸರು ಟೈಗರ್. ಐದು ವರ್ಷದ ಊರು ನಾಯಿ. ಕೊನೆಕೊಯ್ಲು ಶುರುವಾಗುವ ಹೊತ್ತಿನಲ್ಲಿ ಎರಡು ರಾತ್ರಿ ಮನೆಗೆ ಬರಲಿಲ್ಲ. ಮೂರನೆಯ ದಿನ ತೋಟದ ಮೇಲ್ಬದಿಯ ಬೇಲಿಯ ಹತ್ತಿರ ಸಿಕ್ಕಿತು. ಹಂದಿಗೆಂದು ಇಟ್ಟಿದ್ದ ಕ್ಲಚ್ ವೈರಿನ ಉರುಳು ಅದರ ಎಡ ಹಿಂಗಾಲಿಗೆ ಬಿಗಿದುಕೊಂಡಿತ್ತು. ತಲೆಯ ಮೇಲೆ ಗೋಣಿ ಹಾಕಿ ಹಿಡಿದು, ಕಟಿಂಗ್ ಪ್ಲೇರಿನಿಂದ ತಂತಿ ಕತ್ತರಿಸಿ ಮನೆಗೆ ತಂದೆವು. ಚರ್ಮ ಸ್ವಲ್ಪವೇ ಹರಿದಿತ್ತು. ಕಾಲು ಉಳಿಯಿತೆಂದು ಸಮಾಧಾನಪಟ್ಟು, ಬಿಸಿನೀರಿನಲ್ಲಿ ತೊಳೆದು, ಅರಿಸಿನ ಹಚ್ಚಿ, ಬಟ್ಟೆ ಸುತ್ತಿ ಮಲಗಿಸಿದೆವು. ಆಳುಗಳು ಮರದ ಮೇಲಿರುವಾಗ ಪೇಟೆಗೆ ಹೋಗುವುದು ಹೇಗೆ ಎಂಬ ಯೋಚನೆಯೂ ಇತ್ತು.

ಇಲ್ಲಿಯೇ ನಾವು ಎಡವಿದ್ದು. ತಂತಿ ಬಿಗಿದ ಕಾಲಿಗೆ ರಕ್ತ ಓಡುವುದು ನಿಂತಿರುತ್ತದೆ. ಮೇಲಿನ ಗಾಯ ಚಿಕ್ಕದಾಗಿ ಕಂಡರೂ ಒಳಗಿನ ಮಾಂಸ ಸತ್ತಿದೆಯೇ ಎಂಬುದು ತಿಳಿಯಲು ಕೆಲವು ದಿನ ಬೇಕಾಗುತ್ತದೆ. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದಾಗ ಪಾದ ತಣ್ಣಗಿತ್ತು, ಬೆರಳು ಹಿಸುಕಿದರೆ ನಾಯಿ ಕಾಲು ಎಳೆದುಕೊಳ್ಳಲಿಲ್ಲ, ಚರ್ಮ ಕಪ್ಪಾಗಿ ವಾಸನೆ ಬರುತ್ತಿತ್ತು. ಈ ನಾಲ್ಕು ಲಕ್ಷಣಗಳು ಕಂಡರೆ ಆ ಭಾಗ ಸತ್ತಿತೆಂದೇ ಅರ್ಥ. ವೈದ್ಯರು ನೋಡಿ, "ಕಾಲು ಆಗಲೇ ಹೋಗಿದೆ. ಈಗ ಯೋಚಿಸಬೇಕಾದದ್ದು ನಾಯಿಯ ಜೀವದ ಬಗ್ಗೆ" ಎಂದರು. ಕೊಳೆತ ಭಾಗದ ನಂಜು ರಕ್ತಕ್ಕೆ ಸೇರಿದರೆ ನಾಯಿ ಉಳಿಯುವುದಿಲ್ಲ.

ಆದುದರಿಂದ ಉರುಳಿನಿಂದ ಬಿಡಿಸಿದ ನಾಯಿಯನ್ನು, ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಮುರಿದ ಕಾಲಿಗೆ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುವ ವಾಡಿಕೆಯೂ ಇದೇ ಅನಾಹುತಕ್ಕೆ ದಾರಿ. ಹೆಚ್ಚು ಬಿಗಿದರೆ ಆ ಕಟ್ಟೇ ಉರುಳಾಗುತ್ತದೆ.

ಮೂರು ಕಾಲಿನಲ್ಲಿ ನಾಯಿ ಬದುಕೀತೆ?

ನಮ್ಮ ಹಳೆಯ ಆಳೊಬ್ಬ, "ಮೂರು ಕಾಲಿನ ನಾಯಿ ಕಟ್ಟಿಕೊಂಡು ಏನು ಮಾಡ್ತೀರಿ ಅಯ್ಯಾ, ಅದಕ್ಕೊಂದು ಮುಕ್ತಿ ಕೊಡಿಸಿಬಿಡಿ" ಎಂದ. ಅವನಿಗೆ ನಾಯಿಯ ಮೇಲೆ ಪ್ರೀತಿಯಿಲ್ಲದೆ ಹೇಳಿದ ಮಾತಲ್ಲ ಅದು. ನಮಗೂ ಹಾಗೆಯೇ ಅನಿಸಿತ್ತು. ಆದರೆ ಮನುಷ್ಯನ ಲೆಕ್ಕವನ್ನು ನಾಯಿಗೆ ಹಾಕಬಾರದು. ನಾವು ಎರಡು ಕಾಲಿನ ಮೇಲೆ ನಿಲ್ಲುವವರು, ಒಂದು ಹೋದರೆ ಅರ್ಧ ಆಸರೆ ಹೋಯಿತು. ನಾಯಿಗೆ ಒಂದು ಹೋದರೂ ಮೂರು ಉಳಿಯುತ್ತದೆ. ನಾಯಿಯ ಭಾರದಲ್ಲಿ ಸುಮಾರು ನೂರಕ್ಕೆ 60 ಭಾಗ ಮುಂಗಾಲುಗಳ ಮೇಲೂ 40 ಭಾಗ ಹಿಂಗಾಲುಗಳ ಮೇಲೂ ಬೀಳುತ್ತದೆ. ಹಾಗಾಗಿ ಹಿಂಗಾಲು ಹೋದ ನಾಯಿ ಬೇಗ ಸುಧಾರಿಸುತ್ತದೆ, ಮುಂಗಾಲು ಹೋದದ್ದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಎರಡೂ ನಡೆಯಲು ಕಲಿಯುತ್ತವೆ. ತೆಳ್ಳಗಿನ, ಎಳೆ ವಯಸ್ಸಿನ ನಾಯಿಗೆ ಸುಲಭ. ಬೊಜ್ಜು ಬೆಳೆದ, ಕೀಲುನೋವಿರುವ ನಾಯಿಗೆ ಕಷ್ಟ. ಉಳಿಯುವ ಮೂರು ಕಾಲು, ಸೊಂಟ, ಬೆನ್ನು ಗಟ್ಟಿಯಾಗಿವೆಯೇ ಎಂದು ವೈದ್ಯರು ಮೊದಲು ಪರೀಕ್ಷಿಸುವುದು ಇದಕ್ಕಾಗಿಯೇ.

ಪಾದ ಮಾತ್ರ ಕೊಳೆತಿರುವಾಗ ಇಡೀ ಕಾಲನ್ನೇಕೆ ತೆಗೆಯುತ್ತಾರೆ ಎಂದು ನಾವು ಕೇಳಿದ್ದೆವು. ಮೋಟುಗಾಲು ಉಳಿಸಿದರೆ ನಾಯಿ ಅದನ್ನು ಊರಲು ನೋಡುತ್ತದೆ. ಅದು ಕಲ್ಲಿಗೆ, ಮೆಟ್ಟಿಲಿಗೆ ತಗಲಿ ಮತ್ತೆ ಮತ್ತೆ ಹುಣ್ಣಾಗುತ್ತದೆ. ಆದ್ದರಿಂದ ಹಿಂಗಾಲನ್ನು ಸಾಮಾನ್ಯವಾಗಿ ತೊಡೆಯ ಮೇಲ್ಭಾಗದಲ್ಲಿಯೂ ಮುಂಗಾಲನ್ನು ಹೆಗಲ ಮೂಳೆಯೊಡನೆಯೂ ತೆಗೆಯುತ್ತಾರೆ.

ಶಸ್ತ್ರಕ್ರಿಯೆಗೆ ಮುಂಚಿನ ಸಿದ್ಧತೆ

ಈ ಶಸ್ತ್ರಕ್ರಿಯೆಗೆ ಬೇಕಾದ ಅನುಕೂಲ ಎಲ್ಲ ಪಶು ಆಸ್ಪತ್ರೆಗಳಲ್ಲಿ ಇರುವುದಿಲ್ಲ. ನಿಮ್ಮ ಊರಿನ ವೈದ್ಯರೇ ದಾರಿ ತೋರಿಸುತ್ತಾರೆ. ಶಿವಮೊಗ್ಗ, ಹಾಸನ ಮತ್ತು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ಆಸ್ಪತ್ರೆಗಳಿವೆ. ಮೊದಲೇ ಫೋನಿನಲ್ಲಿ ವಿಚಾರಿಸಿ ದಿನ, ಹೊತ್ತು ಮತ್ತು ತಗಲುವ ಖರ್ಚು ತಿಳಿದುಕೊಂಡು ಹೊರಡುವುದು ಲೇಸು.

1. ರಕ್ತ ಪರೀಕ್ಷೆಯನ್ನು ತಪ್ಪಿಸಬಾರದು. ನಮ್ಮ ಕಡೆ ನಾಯಿಗಳಿಗೆ ಉಣ್ಣಿಯ ಕಾಟ ಬಹಳ. ಉಣ್ಣಿಯಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕಡಿಮೆಯಾಗಿರುತ್ತವೆ. ಅದನ್ನು ತಿಳಿಯದೆ ಕತ್ತರಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ. ಉಣ್ಣಿ ಕಚ್ಚಿದ್ದರೆ, ಈಚೆಗೆ ಜ್ವರ ಬಂದಿದ್ದರೆ ವೈದ್ಯರಿಗೆ ಹೇಳಿ.

2. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ಜೊತೆಗಿರಲಿ. ಮನೆಯಲ್ಲಿ ಏನೇನು ಮದ್ದು ಕೊಟ್ಟಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ.

3. ಸಾಮಾನ್ಯವಾಗಿ ಹಿಂದಿನ ರಾತ್ರಿಯಿಂದ ಊಟ ಕೊಡಬಾರದು. ನೀರನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ಅರಿವಳಿಕೆಯಲ್ಲಿರುವಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

4. ಮನೆಯನ್ನು ಮೊದಲೇ ಸಿದ್ಧಗೊಳಿಸಿ. ಕಾವಿ ನೆಲ, ನುಣುಪಾದ ಟೈಲ್ಸ್ ನೆಲ ಮೂರು ಕಾಲಿನ ನಾಯಿಗೆ ಶತ್ರು. ಒಮ್ಮೆ ಜಾರಿ ಬಿದ್ದರೆ ಹೊಲಿಗೆ ಬಿಚ್ಚುವುದಲ್ಲದೆ ಎದ್ದೇಳುವ ಧೈರ್ಯವೇ ಹೋಗುತ್ತದೆ. ಮಲಗುವ ಜಾಗದಿಂದ ಬಾಗಿಲವರೆಗೆ ತೆಂಗಿನ ನಾರಿನ ಚಾಪೆ ಅಥವಾ ರಬ್ಬರ್ ಚಾಪೆ ಹಾಸಿ. ಬರೀ ಗೋಣಿತಾಟು ಹಾಸಿದರೆ ಅದೇ ಜಾರುತ್ತದೆ. ಅಂಚಿಗೆ ಭಾರ ಇಡಬೇಕು.

ಮನೆಗೆ ಬಂದ ಮೇಲಿನ ಎರಡು ವಾರ

ಮೊದಲ ರಾತ್ರಿ ಕಷ್ಟದ್ದು. ಅರಿವಳಿಕೆ ಪೂರ್ತಿ ಇಳಿಯುವ ತನಕ ನಾಯಿ ನರಳುವುದು, ತೂಗಾಡುವುದು ಉಂಟು. ಟೈಗರ್ ರಾತ್ರಿಯಿಡೀ ಕುಂಯ್‌ಗುಟ್ಟಿತು. ಮನೆಯವರಲ್ಲಿ ಒಬ್ಬರು ಸರದಿಯ ಮೇಲೆ ಹತ್ತಿರ ಕುಳಿತೆವು. ಮಾರನೆಯ ಬೆಳಿಗ್ಗೆ ಅದು ತಾನಾಗಿ ಎದ್ದು ಎರಡು ಹೆಜ್ಜೆ ಇಟ್ಟು ಬಿತ್ತು, ಮತ್ತೆ ಎದ್ದಿತು. ಬಹಳ ನಾಯಿಗಳು ಒಂದೆರಡು ದಿನದಲ್ಲಿ ನಿಲ್ಲುತ್ತವೆ.

ಎದ್ದು ನಿಲ್ಲಲು ನೆರವಾಗಲು ಒಂದು ಉದ್ದ ಟವೆಲ್ಲನ್ನು ಹಿಂಗಾಲು ಹೋದದ್ದಕ್ಕೆ ಹೊಟ್ಟೆಯ ಕೆಳಗಿನಿಂದ, ಮುಂಗಾಲು ಹೋದದ್ದಕ್ಕೆ ಎದೆಯ ಕೆಳಗಿನಿಂದ ಹಾಯಿಸಿ, ಎರಡೂ ತುದಿಗಳನ್ನು ಮೇಲೆ ಹಿಡಿದುಕೊಳ್ಳಬೇಕು. ನಾಯಿಯನ್ನು ಎತ್ತುವುದಲ್ಲ, ಬೀಳದಂತೆ ಆಸರೆ ಕೊಡುವುದಷ್ಟೆ. ಗಂಡು ನಾಯಿಯಾದರೆ ಉಚ್ಚೆ ಹೊಯ್ಯಲು ಬಟ್ಟೆ ಅಡ್ಡಬಾರದಂತೆ ನೋಡಿಕೊಳ್ಳಿ.

ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ನಾಯಿ ಕೂಗುತ್ತಿಲ್ಲವೆಂದು ನಿಲ್ಲಿಸಬಾರದು. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ನಾವಾಗಿಯೇ ಎಂದಿಗೂ ಕೊಡಕೂಡದು. ಹೊಟ್ಟೆಯಲ್ಲಿ ರಕ್ತಸ್ರಾವವಾಗಿ, ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟು ನಾಯಿ ಸಾಯಬಹುದು. ಇಲ್ಲದ ಕಾಲು ನೋಯುವಂತೆ ಕೆಲವು ನಾಯಿಗಳು ಫಕ್ಕನೆ ಬೆಚ್ಚಿ ಆ ಕಡೆ ತಿರುಗಿ ಕೂಗುವುದುಂಟು. ಅದಕ್ಕೂ ಬೇರೆ ಮದ್ದಿದೆ, ವೈದ್ಯರಿಗೆ ತಿಳಿಸಿ.

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ನೀರು ತಾಗಿಸಬಾರದು, ನೆಕ್ಕಲು ಬಿಡಬಾರದು. ನಾಯಿಯ ನಾಲಿಗೆಯೇ ಮದ್ದು ಎಂಬ ಮಾತನ್ನು ಇಲ್ಲಿ ನಂಬಬೇಡಿ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ ಸಿಗದಿದ್ದರೆ ಹಳೆಯ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಕೊರಳಪಟ್ಟಿಗೆ ಕಟ್ಟಬಹುದು. ಗಾಯಕ್ಕೆ ಫಿನಾಯಿಲ್, ಸೀಮೆಎಣ್ಣೆ, ನುಸಿಗುಳಿಗೆಯ ಪುಡಿ ಹಾಕುವುದು ಅಪಾಯಕರ. ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಆದುದರಿಂದ ಕೊಟ್ಟಿಗೆಯ ಪಕ್ಕದಲ್ಲಿ ಕಟ್ಟದೆ ಮನೆಯೊಳಗೆ ಅಥವಾ ಜಗುಲಿಯಲ್ಲಿ ಸೊಳ್ಳೆಪರದೆಯಡಿ ಮಲಗಿಸಿ.

ದಿನಕ್ಕೆರಡು ಸಲ ಗಾಯವನ್ನು ನೋಡಿ. ಸ್ವಲ್ಪ ಬಾವು, ನೀಲಿಗಟ್ಟುವುದು ಸಹಜ. ಕೀವು, ದುರ್ವಾಸನೆ, ನಿಲ್ಲದ ರಕ್ತ, ಬಿಚ್ಚಿದ ಹೊಲಿಗೆ, ಬಿಳಿಚಿದ ವಸಡು, ದಿನವಿಡೀ ಉಚ್ಚೆ ಹೊಯ್ಯದಿರುವುದು ಇವು ಕಂಡರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಜ್ವರವೆಂದು ತಿಳಿಯಿರಿ. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಗಾಬರಿಯಾಗಬೇಕಾಗಿಲ್ಲ. ಉಪವಾಸದಿಂದಲೂ ಮದ್ದಿನಿಂದಲೂ ಹಾಗಾಗುತ್ತದೆ.

ಮುಂದಿನ ಬದುಕು

ಮೊದಲ ಮೂರು ನಾಲ್ಕು ವಾರ ಓಟ, ಮೆಟ್ಟಿಲು, ಜೀಪಿನಿಂದ ಹಾರುವುದು ಬೇಡ. ಒಂದು ಉದ್ದ ನಡಿಗೆಗಿಂತ ದಿನಕ್ಕೆ ನಾಲ್ಕೈದು ಸಲ ಅಂಗಳದಲ್ಲಿ ಸ್ವಲ್ಪ ಸ್ವಲ್ಪ ನಡೆಸುವುದು ಒಳ್ಳೆಯದು. ಗಾಯ ಮಾಯುವಾಗ ಮೊಟ್ಟೆ, ಮೂಳೆ ತೆಗೆದ ಬೇಯಿಸಿದ ಕೋಳಿ, ಮೊಸರನ್ನ ಕೊಡಿ. ಆಮೇಲೆ ಮಾತ್ರ ಕೈ ಬಿಗಿ ಹಿಡಿಯಬೇಕು. ಪಾಪ ಎಂದು ಎಲ್ಲರೂ ಒಂದೊಂದು ತುತ್ತು ಹಾಕುತ್ತಾ ಹೋದರೆ ಮೈ ಬೆಳೆದು, ಉಳಿದ ಮೂರು ಕಾಲಿನ ಕೀಲುಗಳು ಸವೆಯುತ್ತವೆ. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗಬೇಕು, ಅದೇ ಅಳತೆ. ಉಗುರು ಬೆಳೆದರೆ ಜಾರುತ್ತದೆ, ಆಗಾಗ ಕತ್ತರಿಸಿ.

ಮಲೆನಾಡಿನಲ್ಲಿ ಇನ್ನೊಂದು ಮಾತಿದೆ. ಕುರ್ಕ ಬಂದರೆ ನಾಲ್ಕು ಕಾಲಿನ ನಾಯಿಗೇ ತಪ್ಪಿಸಿಕೊಳ್ಳುವುದು ಕಷ್ಟ. ಆದ್ದರಿಂದ ಸಂಜೆಯಾದೊಡನೆ ಒಳಗೆ ಕೂಡಿ ಬಾಗಿಲು ಹಾಕಬೇಕು. ತೋಟ ಸುತ್ತುವ ಕೆಲಸ ಅದಕ್ಕಿನ್ನು ಬೇಡ. ಟೈಗರ್ ಈಗ ಜಗುಲಿಯಲ್ಲಿ ಕುಳಿತು ಕಣ ಕಾಯುತ್ತದೆ. ಮಂಗ ಬಂದರೆ ಅಂಗಳದಂಚಿನ ತನಕ ಕುಪ್ಪಳಿಸಿ ಓಡಿ ಬೊಗಳುತ್ತದೆ. ಒಂದು ಕಾಲು ಕಡಿಮೆಯೆಂದು ಮಂಗಗಳಿಗೆ ಇನ್ನೂ ಗೊತ್ತಾದಂತಿಲ್ಲ.

ಕೊನೆಗೆ ಹೇಳಲೇಬೇಕಾದದ್ದು

ಉರುಳು ಇಟ್ಟವರು ಯಾರೆಂದು ನಾವು ಹೊರಗೆಲ್ಲೂ ಹುಡುಕಬೇಕಾಗಿರಲಿಲ್ಲ. ಅದು ನಮ್ಮ ಬೇಲಿಯ ಒಳಗೇ ಇತ್ತು. ಅಡಿಕೆ ಸಸಿ, ಬಾಳೆ, ಗೆಡ್ಡೆಗಳನ್ನು ಹಂದಿ ಎಬ್ಬಿ ಹಾಕುತ್ತಿದ್ದುದರಿಂದ ಉರುಳು ಇಡುವುದನ್ನು ಕಂಡೂ ಕಾಣದವರಂತೆ ಇದ್ದವರು ನಾವೇ. ಉರುಳಿಟ್ಟು ಕಾಡುಪ್ರಾಣಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆಯೇ ಆಗುತ್ತದೆ. ಕಾನೂನಿನ ಮಾತು ಹಾಗಿರಲಿ, ತಂತಿಗೆ ಹಂದಿ ಯಾವುದು, ನಾಯಿ ಯಾವುದು, ಹಸುವಿನ ಕರು ಯಾವುದು ಎಂಬ ತಿಳಿವಳಿಕೆಯಿಲ್ಲ.

ಈಗ ಕೊಯ್ಲಿಗೆ ಮುಂಚೆ ಒಂದು ದಿನ ಕಟಿಂಗ್ ಪ್ಲೇರ್ ಹಿಡಿದು ನಾವೇ ಬೇಲಿಯ ಸುತ್ತ ನಡೆಯುತ್ತೇವೆ. ಈ ವರ್ಷ ಎರಡು ಉರುಳು ಸಿಕ್ಕವು. ಸದಸ್ಯ ಬಂಧುಗಳೂ ತಮ್ಮ ತೋಟದಲ್ಲಿ ಹೀಗೆ ಒಂದು ಸುತ್ತು ಬರಬೇಕೆಂದು ಕೋರುತ್ತೇವೆ. ಕಾಲು ತೆಗೆಸಿದ ನಾಯಿಯನ್ನು ಚೆನ್ನಾಗಿ ಬಾಳಿಸಬಹುದು. ಆದರೆ ಆ ಕಾಲು ಹೋಗದಂತೆ ನೋಡಿಕೊಳ್ಳುವುದು ಅರ್ಧ ದಿನದ ಕೆಲಸ.