ಚಿಯಾ ಬೀಜ: ಆಹಾರವಾಗಿ ಅದರ ಪ್ರಯೋಜನ, ಮಿತಿ ಮತ್ತು ಬಳಕೆಯ ಕ್ರಮ

ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಹಾಗೂ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಸದಸ್ಯೆಯರು, ರೈತ ಬಾಂಧವರು ಮತ್ತು ಸಾರ್ವಜನಿಕರ ಅವಗಾಹನೆಗಾಗಿ

ಇತ್ತೀಚಿನ ವರ್ಷಗಳಲ್ಲಿ ಚಿಯಾ ಬೀಜದ ಹೆಸರು ಮೈಸೂರು ಸೀಮೆಯ ಗ್ರಾಮೀಣ ಜನರಿಗೂ ಪರಿಚಿತವಾಗಿದೆ. ಪಟ್ಟಣದ ದಿನಸಿ ಅಂಗಡಿಗಳಲ್ಲಿ ಅದು ಪೊಟ್ಟಣಗಳಲ್ಲಿ ದೊರೆಯುತ್ತಿದೆ. ಹೆಗ್ಗಡದೇವನಕೋಟೆ ಮೊದಲಾದ ತಾಲ್ಲೂಕುಗಳ ಹೊಲಗಳಲ್ಲಿಯೂ ಬೆಳೆಯುತ್ತಿದೆ. ಇದರೊಂದಿಗೆ, ಈ ಬೀಜವು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ, ತೂಕವನ್ನು ಕರಗಿಸುತ್ತದೆ, ರಕ್ತಹೀನತೆಯನ್ನು ನಿವಾರಿಸುತ್ತದೆ ಎಂಬ ಮಾತುಗಳೂ ಮೊಬೈಲ್ ಸಂದೇಶಗಳ ಮೂಲಕ ಮನೆಮನೆಗೆ ತಲುಪುತ್ತಿವೆ. ಇವುಗಳಲ್ಲಿ ಕೆಲವು ಭಾಗಶಃ ಸತ್ಯ, ಕೆಲವು ಅತಿಶಯೋಕ್ತಿ. ಅತಿಶಯೋಕ್ತಿಯನ್ನು ನಂಬಿ ಗರ್ಭಿಣಿಯೊಬ್ಬರು ಕಬ್ಬಿಣಾಂಶದ ಮಾತ್ರೆಯನ್ನು ಬಿಟ್ಟರೆ, ಅಥವಾ ಮಧುಮೇಹಿಯೊಬ್ಬರು ಔಷಧವನ್ನು ನಿಲ್ಲಿಸಿದರೆ, ಆಗುವ ಹಾನಿ ಅಲ್ಪವಲ್ಲ. ಆದ್ದರಿಂದ ಈ ಬೀಜದಲ್ಲಿ ಏನಿದೆ, ಏನಿಲ್ಲ, ಯಾರು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಬೀಜದ ಮೂಲ ಮತ್ತು ಗುರುತು

ಚಿಯಾ ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಸಸ್ಯ. ಇದರ ಸಸ್ಯಶಾಸ್ತ್ರೀಯ ಹೆಸರು ಸಾಲ್ವಿಯಾ ಹಿಸ್ಪಾನಿಕಾ. ಮೆಕ್ಸಿಕೋ ಮತ್ತು ಗ್ವಾಟೆಮಾಲಾ ಪ್ರದೇಶಗಳು ಇದರ ತವರು. ಸ್ಪೇನಿನವರ ಆಗಮನಕ್ಕೆ ಮುನ್ನ, ಅಜ್ಟೆಕ್ ಅರಸರ ಆಳ್ವಿಕೆಯಲ್ಲಿ ಮೆಕ್ಕೆಜೋಳ ಮತ್ತು ದಂಟಿನ ಬೀಜಗಳೊಂದಿಗೆ ಚಿಯಾವನ್ನೂ ಪ್ರಜೆಗಳಿಂದ ಕಪ್ಪವಾಗಿ ಪಡೆಯಲಾಗುತ್ತಿತ್ತು. ಕರ್ನಾಟಕದ ರೈತರಿಗೆ ಇದನ್ನು ಪರಿಚಯಿಸಿದ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಪ್ರಮುಖವಾದುದು.

ಮಾರುಕಟ್ಟೆಯಲ್ಲಿ ಚಿಯಾ ಮತ್ತು ಕಾಮಕಸ್ತೂರಿ ಬೀಜಗಳನ್ನು ಒಂದೇ ಎಂದು ಭಾವಿಸುವುದುಂಟು. ಕಾಮಕಸ್ತೂರಿ ಬೀಜವು ಪೂರ್ತಿ ಕಪ್ಪಾಗಿದ್ದು, ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ಬೀಜವು ಬೂದು, ಕಪ್ಪು ಮತ್ತು ಬಿಳಿ ಬಣ್ಣಗಳ ಮಿಶ್ರಣವಾಗಿದ್ದು, ಹತ್ತಿರದಿಂದ ನೋಡಿದರೆ ಮೇಲ್ಮೈಯಲ್ಲಿ ಚಿತ್ತಾರದಂತಹ ಗೆರೆಗಳು ಕಾಣುತ್ತವೆ. ಅದು ನಿಧಾನವಾಗಿ ಉಬ್ಬುತ್ತದೆ. ಎರಡೂ ಆಹಾರಯೋಗ್ಯವೇ ಆದರೂ ಬೆಲೆಯಲ್ಲಿ ಹಾಗೂ ಪೋಷಕಾಂಶಗಳಲ್ಲಿ ವ್ಯತ್ಯಾಸವಿರುವುದರಿಂದ ನೋಡಿ ಕೊಳ್ಳುವುದು ಉಚಿತ.

2. ಬೀಜದಲ್ಲಿರುವ ಪೋಷಕಾಂಶಗಳು

100 ಗ್ರಾಂ ಒಣ ಚಿಯಾ ಬೀಜದಲ್ಲಿ ಸುಮಾರು 486 ಕಿಲೋ ಕ್ಯಾಲೊರಿ ಶಕ್ತಿ, 16.5 ಗ್ರಾಂ ಪ್ರೋಟೀನು, 31 ಗ್ರಾಂ ಕೊಬ್ಬು, 34 ಗ್ರಾಂ ನಾರಿನಂಶ, 631 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 7.7 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತವೆ. ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಒಮೆಗಾ-3 ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ.

ಪೊಟ್ಟಣದ ಮೇಲಿನ ಈ ಅಂಕಿಗಳು 100 ಗ್ರಾಂಗೆ ಸಂಬಂಧಿಸಿದವು ಎಂಬುದನ್ನು ಮರೆಯಬಾರದು. ಯಾರೂ ದಿನಕ್ಕೆ 100 ಗ್ರಾಂ ಚಿಯಾ ತಿನ್ನುವುದಿಲ್ಲ, ತಿನ್ನಲೂ ಬಾರದು. ವಾಡಿಕೆಯ ಪ್ರಮಾಣ ದಿನಕ್ಕೆ ಸುಮಾರು 15 ಗ್ರಾಂ, ಅಂದರೆ ಮೂರು ನಾಲ್ಕು ಟೀ ಚಮಚ. ಅಷ್ಟರಿಂದ ದೊರೆಯುವುದು ಹೀಗಿದೆ:

ಶಕ್ತಿ: ಸುಮಾರು 73 ಕಿಲೋ ಕ್ಯಾಲೊರಿ
ಪ್ರೋಟೀನು: 2.5 ಗ್ರಾಂ
ನಾರಿನಂಶ: 5 ಗ್ರಾಂ
ಆಲ್ಫಾ ಲಿನೋಲೆನಿಕ್ ಆಮ್ಲ: 2.7 ಗ್ರಾಂ
ಕ್ಯಾಲ್ಸಿಯಂ: 95 ಮಿಲಿಗ್ರಾಂ
ಕಬ್ಬಿಣಾಂಶ: 1.2 ಮಿಲಿಗ್ರಾಂ

ಈ ಪಟ್ಟಿಯನ್ನು ದಿನದ ಅಗತ್ಯದೊಂದಿಗೆ ಹೋಲಿಸಿದಾಗ ಬೀಜದ ನಿಜವಾದ ಬಲ ಎಲ್ಲಿದೆಯೆಂಬುದು ತಿಳಿಯುತ್ತದೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರ ಐದನೆಯ ಒಂದು ಭಾಗವನ್ನು 15 ಗ್ರಾಂ ಚಿಯಾ ಒದಗಿಸುತ್ತದೆ. ಒಮೆಗಾ-3 ಕೊಬ್ಬೂ ಉತ್ತಮ ಪ್ರಮಾಣದಲ್ಲಿದೆ. ಆದರೆ ವಯಸ್ಕರ ಕ್ಯಾಲ್ಸಿಯಂ ಅಗತ್ಯ ದಿನಕ್ಕೆ 1000 ಮಿಲಿಗ್ರಾಂ. ಮಹಿಳೆಯರ ಕಬ್ಬಿಣಾಂಶದ ಅಗತ್ಯ 29 ಮಿಲಿಗ್ರಾಂ. ಈ ಎರಡರ ಮಟ್ಟಿಗೆ ಚಿಯಾದ ಕೊಡುಗೆ ಚಿಕ್ಕದು.

3. ಆರೋಗ್ಯಕ್ಕೆ ಆಗುವ ಪ್ರಯೋಜನ

ಜೀರ್ಣಕ್ರಿಯೆ: ಚಿಯಾ ಬೀಜವು ತನ್ನ ತೂಕದ ಸುಮಾರು ಹತ್ತು ಪಟ್ಟು ನೀರನ್ನು ಹೀರಿಕೊಂಡು ಲೋಳೆಯಾಗುತ್ತದೆ. ಈ ಲೋಳೆಯು ನಾರಿನಂಶದ ಒಂದು ರೂಪ. ಅದು ಮಲವನ್ನು ಮೃದುಗೊಳಿಸಿ ಮಲಬದ್ಧತೆಯನ್ನು ಕಡಿಮೆ ಮಾಡಲು ನೆರವಾಗುತ್ತದೆ. ಸಾಕಷ್ಟು ನೀರು ಕುಡಿದಾಗ ಮಾತ್ರ ಈ ಪ್ರಯೋಜನ ದೊರೆಯುತ್ತದೆ. ನೀರು ಕಡಿಮೆಯಾದರೆ ಮಲಬದ್ಧತೆ ಹೆಚ್ಚಲೂಬಹುದು.

ಹೃದಯ: ಆಲ್ಫಾ ಲಿನೋಲೆನಿಕ್ ಆಮ್ಲವನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಅದು ಆಹಾರದಿಂದಲೇ ಬರಬೇಕು. ಮೀನು ತಿನ್ನದ ಕುಟುಂಬಗಳಿಗೆ ಚಿಯಾ ಇದರ ಒಂದು ಒಳ್ಳೆಯ ಮೂಲ. ಆದರೆ ಮೀನಿನಲ್ಲಿರುವ ಒಮೆಗಾ-3 ಮತ್ತು ಬೀಜದಲ್ಲಿರುವ ಒಮೆಗಾ-3 ಒಂದೇ ಅಲ್ಲ. ಬೀಜದ ಆಮ್ಲವು ದೇಹದಲ್ಲಿ ಮೀನಿನ ಬಗೆಯ ಆಮ್ಲವಾಗಿ ಮಾರ್ಪಡುವುದು ಅತ್ಯಲ್ಪ ಪ್ರಮಾಣದಲ್ಲಿ.

ರಕ್ತದೊತ್ತಡ: ಕೆನಡಾದಲ್ಲಿ ಮಧುಮೇಹವಿದ್ದ 20 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ಕಾಲ ದಿನಕ್ಕೆ ಸುಮಾರು 37 ಗ್ರಾಂ ಚಿಯಾ ಸೇವಿಸಿದಾಗ ಮೇಲಿನ ರಕ್ತದೊತ್ತಡವು 6 ಅಂಕಗಳಷ್ಟು ಇಳಿಯಿತು. ಅವರೆಲ್ಲರೂ ತಮ್ಮ ವೈದ್ಯರ ಚಿಕಿತ್ಸೆಯಲ್ಲಿದ್ದವರು ಎಂಬುದು ಗಮನಾರ್ಹ. ಬೀಜವು ಚಿಕಿತ್ಸೆಯೊಂದಿಗೆ ಸೇರಿತ್ತೇ ಹೊರತು ಚಿಕಿತ್ಸೆಯ ಸ್ಥಾನದಲ್ಲಿ ಇರಲಿಲ್ಲ. ಇಷ್ಟು ಕಡಿಮೆ ಜನರ ಅಧ್ಯಯನವು ಭರವಸೆ ಮೂಡಿಸಬಹುದು, ಅಂತಿಮ ತೀರ್ಮಾನವಾಗದು.

ತೂಕ: 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹೆಚ್ಚು ತೂಕದ ವಯಸ್ಕರಿಗೆ 12 ವಾರ ದಿನಕ್ಕೆ 50 ಗ್ರಾಂ ಚಿಯಾ ನೀಡಲಾಯಿತು. ಅವರ ತೂಕದಲ್ಲಾಗಲಿ, ರಕ್ತದೊತ್ತಡ ಮುಂತಾದ ಇತರ ಅಂಶಗಳಲ್ಲಾಗಲಿ ಗಮನಾರ್ಹ ಬದಲಾವಣೆ ಕಂಡುಬರಲಿಲ್ಲ. ಊಟದ ಪ್ರಮಾಣ ಮತ್ತು ದೈಹಿಕ ಶ್ರಮ ಹಾಗೆಯೇ ಇದ್ದು, ಅದರ ಮೇಲೆ ಚಿಯಾ ಸೇರಿಸಿದರೆ ತೂಕ ಇಳಿಯುವುದಿಲ್ಲವೆಂಬುದು ಇದರಿಂದ ತಿಳಿಯತಕ್ಕ ವಿಷಯ.

4. ರಕ್ತಹೀನತೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಹೆರಿಗೆಯ ಸಮಯದಲ್ಲಿ ರಕ್ತಸ್ರಾವವಾದರೆ ಇಂತಹ ತಾಯಿಯ ಪ್ರಾಣಕ್ಕೇ ಅಪಾಯವಿದೆ. ಮಗುವಿನ ತೂಕವೂ ಕಡಿಮೆಯಾಗಬಹುದು.

ಆರೋಗ್ಯ ಇಲಾಖೆಯು ಗರ್ಭಿಣಿಯರಿಗೆ ಉಚಿತವಾಗಿ ನೀಡುವ ಒಂದು ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. 15 ಗ್ರಾಂ ಚಿಯಾದಲ್ಲಿರುವುದು 1.2 ಮಿಲಿಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿರುವಷ್ಟು ಕಬ್ಬಿಣಾಂಶಕ್ಕೆ ಮುಕ್ಕಾಲು ಕಿಲೋಗ್ರಾಂ ಚಿಯಾ ಬೇಕಾಗುತ್ತದೆ. ಅಲ್ಲದೆ ಬೀಜಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು, ದೇಹವು ಅದನ್ನು ಹೀರಿಕೊಳ್ಳದಂತೆ ತಡೆಯುತ್ತದೆ. ಆದುದರಿಂದ:

ಕಬ್ಬಿಣಾಂಶದ ಮಾತ್ರೆಯ ಬದಲಿಗೆ ಚಿಯಾ ಸೇವಿಸಬಾರದು.
ಮಾತ್ರೆಯನ್ನು ಚಿಯಾ ನೀರು, ಹಾಲು, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಸೇವಿಸಬಾರದು. ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ.
ನಿಂಬೆ, ನೆಲ್ಲಿಕಾಯಿ, ಸೀಬೆ ಹಣ್ಣುಗಳು ಕಬ್ಬಿಣಾಂಶದ ಹೀರಿಕೆಗೆ ಸಹಕಾರಿ.
ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ದೊರೆಯುವ ಬಿಸಿಯೂಟವನ್ನು ಯಾವ ಕಾರಣಕ್ಕೂ ತಪ್ಪಿಸಬಾರದು.

5. ಬಳಸುವ ಕ್ರಮ

ಒಣ ಬೀಜವನ್ನು ಹಾಗೆಯೇ ಬಾಯಿಗೆ ಹಾಕಿಕೊಂಡು ನೀರು ಕುಡಿಯಕೂಡದು. ಬೀಜವು ಅನ್ನನಾಳದಲ್ಲಿಯೇ ಉಬ್ಬಿ ಕಟ್ಟಿಕೊಳ್ಳುವ ಸಂಭವವಿದೆ. ಅಮೆರಿಕದಲ್ಲಿ 39 ವರ್ಷದ ವ್ಯಕ್ತಿಯೊಬ್ಬರು ಒಂದು ಚಮಚ ಒಣ ಚಿಯಾ ನುಂಗಿ ನೀರು ಕುಡಿದು, ಅನ್ನನಾಳ ಮುಚ್ಚಿ, ವೈದ್ಯರು ಕೊಳವೆಯ ಮೂಲಕ ಅದನ್ನು ತೆರವುಗೊಳಿಸಬೇಕಾಯಿತೆಂಬ ವರದಿ 2014ರಲ್ಲಿ ಹೊರಬಂದಿತು.

ಒಂದು ಪಾಲು ಬೀಜಕ್ಕೆ ಹತ್ತು ಪಾಲು ನೀರು ಸೇರಿಸಿ, ಗಂಟು ಕಟ್ಟದಂತೆ ಕದಡಿ, ಕನಿಷ್ಠ ಅರ್ಧ ಗಂಟೆ ನೆನೆಸಬೇಕು. ಬೀಜವನ್ನು ಬೇಯಿಸದೆ ಬಳಸುವುದರಿಂದ ಕುದಿಸಿ ಆರಿಸಿದ ನೀರನ್ನೇ ಉಪಯೋಗಿಸಬೇಕು. ನೆನೆದ ಬೀಜವನ್ನು ಮಜ್ಜಿಗೆ, ರಾಗಿ ಅಂಬಲಿ, ಗಂಜಿ, ನಿಂಬೆ ಪಾನಕ ಅಥವಾ ಕೋಸಂಬರಿಯಲ್ಲಿ ಬೆರೆಸಬಹುದು. ನೆನೆಸಿದ್ದನ್ನು ಅದೇ ದಿನ ಮುಗಿಸುವುದು ಕ್ಷೇಮ. ಮೊದಲ ವಾರ ದಿನಕ್ಕೆ ಒಂದು ಟೀ ಚಮಚದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಉಂಟಾಗದು. ಪೊಟ್ಟಣ ಕೊಳ್ಳುವಾಗ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಮತ್ತು ದಿನಾಂಕವನ್ನು ಪರಿಶೀಲಿಸಬೇಕು. ಒಣಗಿದ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

6. ಯಾರು ಎಚ್ಚರ ವಹಿಸಬೇಕು

ಐದು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಒಣ ಬೀಜ ಸಿಗದಂತೆ ನೋಡಿಕೊಳ್ಳಬೇಕು. ಪಾರ್ಶ್ವವಾಯು ಅಥವಾ ಇತರ ಕಾರಣದಿಂದ ನುಂಗಲು ತೊಂದರೆಯಿರುವವರು ಮತ್ತು ಕರುಳಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಅನುಮತಿಯಿಲ್ಲದೆ ಸೇವಿಸಬಾರದು. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಬೀಜದಲ್ಲಿರುವ ರಂಜಕವು ಹೊರೆಯಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ, ಇನ್ಸುಲಿನ್ ಅಥವಾ ರಕ್ತದೊತ್ತಡದ ಮಾತ್ರೆ ಸೇವಿಸುವವರು ನಿತ್ಯ ಬಳಕೆಗೆ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ವಿಚಾರಿಸುವುದು ಅವಶ್ಯ. ಥೈರಾಯ್ಡ್ ಮಾತ್ರೆ ಮತ್ತು ಚಿಯಾ ಸೇವನೆಯ ನಡುವೆಯೂ ಕೆಲವು ಗಂಟೆಗಳ ಅಂತರವಿರಬೇಕು. ಯಾವ ಔಷಧವನ್ನೂ ಬೀಜದ ಭರವಸೆಯ ಮೇಲೆ ನಿಲ್ಲಿಸಬಾರದು.

7. ನಮ್ಮ ಅಡುಗೆಮನೆಯಲ್ಲೇ ಇರುವ ಬೀಜಗಳು

ಚಿಯಾ ಕೊಳ್ಳಲು ಶಕ್ತಿಯಿಲ್ಲದ ಕುಟುಂಬವು ಪೌಷ್ಟಿಕತೆಯಿಂದ ವಂಚಿತವಾಯಿತೆಂದು ಭಾವಿಸಬೇಕಾಗಿಲ್ಲ. ಅಗಸೆ ಬೀಜದ 100 ಗ್ರಾಂನಲ್ಲಿ ಸುಮಾರು 23 ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲವಿದ್ದು, ಈ ಅಂಶದಲ್ಲಿ ಅದು ಚಿಯಾವನ್ನು ಮೀರಿಸುತ್ತದೆ. ನಾರಿನಂಶವೂ 27 ಗ್ರಾಂನಷ್ಟಿದೆ. ಅಗಸೆಯ ಸಿಪ್ಪೆ ಗಟ್ಟಿಯಾದುದರಿಂದ ಇಡಿಯಾಗಿ ತಿಂದರೆ ಜೀರ್ಣವಾಗದೆ ಹೋಗುತ್ತದೆ. ಹುರಿದು ಪುಡಿ ಮಾಡಬೇಕು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ಅಗಸೆ ಚಟ್ನಿಪುಡಿ ಬಡಿಸುವ ರೂಢಿ ಈ ದೃಷ್ಟಿಯಿಂದ ಅರ್ಥಪೂರ್ಣವಾದುದು.

ಕ್ಯಾಲ್ಸಿಯಂಗಾಗಿ ರಾಗಿಗೆ ಸಮನಾದ ಧಾನ್ಯ ನಮ್ಮಲ್ಲಿಲ್ಲ: 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಚಿಯಾವನ್ನು ಚಮಚದಲ್ಲಿ ತಿನ್ನುತ್ತೇವೆ, ರಾಗಿಯನ್ನು ಮುದ್ದೆಯಾಗಿ ಉಣ್ಣುತ್ತೇವೆ. ಆದ್ದರಿಂದ ದಿನದ ಲೆಕ್ಕದಲ್ಲಿ ರಾಗಿಯ ಕೊಡುಗೆಯೇ ದೊಡ್ಡದು. ಎಳ್ಳಿನಲ್ಲಿ ಕ್ಯಾಲ್ಸಿಯಂ ಚಿಯಾಕ್ಕಿಂತ ಹೆಚ್ಚಿದೆ. ಸಿಪ್ಪೆಯಲ್ಲಿರುವ ಆಕ್ಸಲೇಟ್ ಕಾರಣ ಅದೆಲ್ಲವೂ ದೇಹಕ್ಕೆ ಸೇರದಿದ್ದರೂ, ಎಳ್ಳು ಮತ್ತು ಹುಚ್ಚೆಳ್ಳಿನ ಚಟ್ನಿಪುಡಿಗಳು ನಿತ್ಯದ ಊಟದಲ್ಲಿ ಇರಬೇಕಾದವು. ಚಿಯಾ ಇವುಗಳೊಂದಿಗೆ ಸೇರಬಹುದಾದ ಒಂದು ಹೊಸ ಬೀಜ; ಇವುಗಳನ್ನು ಹೊರಗಟ್ಟಿ ಬರಬೇಕಾದುದಲ್ಲ. ತಿಂಗಳ ದಿನಸಿಯ ಹಣ ಅಲ್ಪವಾಗಿರುವಲ್ಲಿ ಮೊದಲ ಆದ್ಯತೆ ಬೇಳೆ, ಮೊಟ್ಟೆ, ಹಾಲು ಮತ್ತು ಸೊಪ್ಪಿಗೆ ಸಲ್ಲತಕ್ಕದ್ದು.

8. ಬೆಳೆಗಾರರಿಗೆ ಒಂದು ಮಾತು

ಚಿಯಾ ಬೆಳೆಯುವ ರೈತ ಕುಟುಂಬಗಳು ಬೆಳೆದುದೆಲ್ಲವನ್ನೂ ಮಾರಿಬಿಡದೆ ಮನೆಬಳಕೆಗೆ ಒಂದೆರಡು ಕಿಲೋಗ್ರಾಂ ಉಳಿಸಿಕೊಳ್ಳುವುದು ಒಳಿತು. ದಿನಕ್ಕೆ 15 ಗ್ರಾಂನಂತೆ ಒಬ್ಬ ವಯಸ್ಕರಿಗೆ ಒಂದು ಕಿಲೋಗ್ರಾಂ ಎರಡು ತಿಂಗಳಿಗೂ ಹೆಚ್ಚು ಕಾಲ ಬರುತ್ತದೆ. ಬಿತ್ತನೆಗಾಗಿ ರಾಸಾಯನಿಕದಿಂದ ಉಪಚರಿಸಿದ ಬೀಜವನ್ನು ಮಾತ್ರ ಎಂದಿಗೂ ಆಹಾರಕ್ಕೆ ಬಳಸಕೂಡದು. ಚಿಯಾ ಹಗಲು ಕಿರಿದಾಗುವ ಕಾಲದಲ್ಲಿ ಹೂಬಿಡುವ ಬೆಳೆಯಾದುದರಿಂದ ಬಿತ್ತನೆಯ ಕಾಲ ತಪ್ಪಬಾರದು. ಬೇಡಿಕೆ ಮತ್ತು ಬೆಲೆ ಏರಿಳಿಯುವುದರಿಂದ ಖರೀದಿದಾರರನ್ನು ಖಚಿತಪಡಿಸಿಕೊಂಡು, ರೈತ ಸಂಪರ್ಕ ಕೇಂದ್ರದ ಸಲಹೆ ಪಡೆದು ಬಿತ್ತುವುದು ಸೂಕ್ತ.

ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮಾಸಿಕ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ದಿನದಂದು ಈ ಲೇಖನದ 4, 5 ಮತ್ತು 6ನೇ ಭಾಗಗಳನ್ನು ತಾಯಂದಿರಿಗೆ ಓದಿ ಹೇಳಬೇಕಾಗಿ ಕೋರಲಾಗಿದೆ. ಓದು ಬಾರದವರಿಗೆ ಮೂರು ಮಾತು ತಲುಪಿದರೂ ಸಾಕು: ಬೀಜವನ್ನು ನೆನೆಸಿಯೇ ತಿನ್ನಿ, ಮಾತ್ರೆಯನ್ನು ಬಿಡಬೇಡಿ, ರಾಗಿ, ಅಗಸೆ, ಎಳ್ಳುಗಳನ್ನು ಮರೆಯಬೇಡಿ.